ಶಿಲಾಸಮಾಧಿಗಳೂ ಅಲೆಮಾರಿ ವಾದವೂ: ಒಂದು ವಿಮರ್ಶೆ

ದಕ್ಷಿಣ ಭಾರತದ ಬೃಹತ್ ಶಿಲಾಸಮಾಧಿಗಳನ್ನು ನಿರ್ಮಿಸಿದವರು ಯಾರು, ಅವರ ಜೀವನಕ್ರಮ ಯಾವ ಬಗೆಯದು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿರುವುದು. ಈ ಅವಧಿಯಲ್ಲಿ ಹೊರಟ ಉತ್ತರಗಳಲ್ಲಿ ಸಾಮಗ್ರಿಯ ವೈಪುಲ್ಯದಿಂದಲೂ ವಾದದ ಧೈರ್ಯದಿಂದಲೂ ಗಮನಾರ್ಹವಾದುದು ಲಾರೆನ್ಸ್ ಲೆಶ್ನಿಕ್ ಅವರದು. ‘ದಕ್ಷಿಣ ಭಾರತದ ಮೆಗಾಲಿಥಿಕ್ ಸಮಾಧಿಗಳು: ಪಾಂಡುಕಲ್ ಸಂಕೀರ್ಣ’ ಎಂಬ ಅರ್ಥದ ಶೀರ್ಷಿಕೆಯುಳ್ಳ ಅವರ ಇಂಗ್ಲಿಷ್ ಗ್ರಂಥವು 1974ರಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನಲ್ಲಿ ಅಚ್ಚಾಯಿತು. ಈ ಸಮಾಧಿಗಳನ್ನು ಬಿಟ್ಟುಹೋದವರು ಊರು ಕಟ್ಟಿ ನೆಲೆನಿಂತ ಒಕ್ಕಲುಮಕ್ಕಳಲ್ಲ. ಕುದುರೆಯ ಬಳಕೆ ಬಲ್ಲ, ಕಬ್ಬಿಣದ ಆಯುಧಗಳನ್ನು ಹಿಡಿದ, ದನಕುರಿಗಳ ಹಿಂಡಿನೊಡನೆ ಸಂಚರಿಸುತ್ತಿದ್ದ ಅಲೆಮಾರಿ ಪಶುಪಾಲಕರು ಎಂಬುದು ಆ ಗ್ರಂಥದ ಮುಖ್ಯ ಸಿದ್ಧಾಂತ. ಗ್ರಂಥವನ್ನು ಇಂದು ಓದುವವರು ವಿರಳ. ಆದರೆ ಅದರ ಸಿದ್ಧಾಂತವು ಗ್ರಂಥದಿಂದ ಬಿಡಿಸಿಕೊಂಡು, ತರಗತಿಯ ಟಿಪ್ಪಣಿಗಳಲ್ಲಿ ‘ಇವರು ಬಹುಶಃ ಅಲೆಮಾರಿಗಳಾಗಿದ್ದರು’ ಎಂಬ ಒಂದು ವಾಕ್ಯವಾಗಿ ಉಳಿದುಕೊಂಡಿದೆ. ಯಾರ ಹೆಸರೂ ಅಂಟದ ಇಂತಹ ವಾಕ್ಯವನ್ನು ಅಲುಗಿಸುವುದು ಒಂದು ಗ್ರಂಥವನ್ನು ಖಂಡಿಸುವುದಕ್ಕಿಂತ ಕಷ್ಟ. ಆದುದರಿಂದ ಅದನ್ನು ಮೂಲಗ್ರಂಥಕ್ಕೆ ಹಿಂತಿರುಗಿಸಿ ಪರೀಕ್ಷಿಸುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆಯಲಾಗಿದೆ.

ಮೊದಲು ಗ್ರಂಥಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸಬೇಕು. ಹತ್ತಾರು ವರದಿಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಚದುರಿಹೋಗಿದ್ದ ಸಮಾಧಿ ವಸ್ತುಗಳನ್ನು ಒಂದೆಡೆ ತಂದು, ಬಗೆಬಗೆಯಾಗಿ ವಿಂಗಡಿಸಿ, ಹೋಲಿಸಿ ನೋಡಿದ ಶ್ರಮ ಸಾಮಾನ್ಯವಾದುದಲ್ಲ. ‘ಮೆಗಾಲಿಥಿಕ್’ ಎಂಬ ಹೆಸರನ್ನೇ ಅವರು ಸಂಶಯದಿಂದ ಕಂಡುದು ಇನ್ನೊಂದು ಗುಣ. ದೊಡ್ಡ ಕಲ್ಲೇ ಇಲ್ಲದ ಗುಂಡಿಗಳೂ ಮಡಕೆಯಲ್ಲಿ ಎಲುಬಿಟ್ಟು ಹೂಳಿದ ಸಮಾಧಿಗಳೂ ಈ ಹೆಸರಿನೊಳಗೆ ಸೇರಿಹೋಗಿರುವಾಗ ಕಲ್ಲಿನ ಗಾತ್ರದಿಂದ ಸಂಸ್ಕೃತಿಯೊಂದಕ್ಕೆ ನಾಮಕರಣ ಮಾಡುವುದು ಸರಿಯಲ್ಲವೆಂಬ ಅವರ ಆಕ್ಷೇಪಣೆ ನ್ಯಾಯವಾದುದೇ. ಜನರ ಬಾಯಲ್ಲಿದ್ದ ಹೆಸರನ್ನು ಅವರು ಆರಿಸಿಕೊಂಡರು. ನಮ್ಮಲ್ಲಿಯೂ ಇವು ಪಾಂಡವರ ಗುಡಿಗಳೆಂದೂ ಮೋರ್ಯರ ಮನೆಗಳೆಂದೂ ಕರೆಸಿಕೊಳ್ಳುತ್ತವೆ. ಜನರು ಇವನ್ನು ‘ಮನೆ’ ಎಂದು ಕರೆದಿರುವರೆಂಬುದನ್ನು ಮಾತ್ರ ವಾಚಕರು ಸದ್ಯಕ್ಕೆ ನೆನಪಿನಲ್ಲಿಟ್ಟುಕೊಳ್ಳಬೇಕು. ಪಶುಪಾಲಕರನ್ನು ಇತಿಹಾಸದ ಅಂಚಿನಿಂದ ನಡುವಿಗೆ ತರುವ ಪ್ರಯತ್ನದಲ್ಲಿಯೂ ಲೆಶ್ನಿಕ್ ಅವರ ಪಾಲಿದೆ. ದಕ್ಷಿಣ ಏಷ್ಯದ ಪಶುಪಾಲಕರನ್ನೂ ಅಲೆಮಾರಿಗಳನ್ನೂ ಕುರಿತು ಗುಂಥರ್ ಸೊಂಥೈಮರ್ ಅವರೊಡನೆ ಅವರು ಸಂಪಾದಿಸಿದ ಸಂಪುಟವು 1975ರಲ್ಲಿ ಹೊರಬಂತು.

ಹೀಗಿದ್ದರೂ ಅಲೆಮಾರಿ ವಾದವು ಲೆಶ್ನಿಕ್ ಅವರಿಂದ ಹುಟ್ಟಿದುದಲ್ಲ. ಅದರ ಬೇರು ಇನ್ನೂ ಹಿಂದಿನದು. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಜೇವರ್ಗಿ, ರಾಜನಕೋಳೂರು ಮೊದಲಾದ ಕಡೆಗಳಲ್ಲಿ ಕಲ್ಗೋರಿಗಳನ್ನು ತೆರೆಸಿ, ಒಳಗಣ ಮಣ್ಣಿನ ಪದರಗಳನ್ನು ಚಿತ್ರ ಬರೆದು ದಾಖಲಿಸಿದನು. ಆ ಕಾಲಕ್ಕೆ ಅದು ಅಪೂರ್ವವಾದ ಎಚ್ಚರಿಕೆ. ಆದರೆ 1860ರ ದಶಕದಲ್ಲಿ ಐರ್ಲೆಂಡಿನ ವಿದ್ವತ್ಪರಿಷತ್ತಿನ ಮುಂದೆ ಅದೇ ಸಂಗತಿಯನ್ನು ಮಂಡಿಸುವಾಗ ಅವನು ತನ್ನ ಲೇಖನದ ಶೀರ್ಷಿಕೆಯಲ್ಲಿಯೇ ಇವನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದನು. ಗುದ್ದಲಿಯು ಕಂಡುದೊಂದು, ಹೆಸರು ಹೇಳಿದುದೊಂದು. ಸಿಥಿಯನ್ನರೆಂದರೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ಕುದುರೆ ಸವಾರರು. ಹೀಗೆ ಭೀಮಾ ತೀರದ ಗೋರಿಯೊಳಕ್ಕೆ ಸ್ಟೆಪ್ಪಿಯ ಸವಾರನು ಬಂದು ಕುಳಿತನು. ಅವನನ್ನು ಕರೆತಂದುದು ಉತ್ಖನನವಲ್ಲ, ಉಪಮಾನ. ಅಂದಿನಿಂದ ಅವನ ಹೆಸರು ಬದಲಾಗಿದೆ, ಆಸನ ಬದಲಾಗಿಲ್ಲ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಸಹ ಕಬ್ಬಿಣವನ್ನೂ ಶಿಲಾಸಮಾಧಿಯನ್ನೂ ತಂದ ಜನರು ಕಲ್ಗೊಡಲಿಯ ಜನರ ಮೇಲೆ ಥಟ್ಟನೆ ಬಂದೆರಗಿದರೆಂದು ಭಾವಿಸಿದರು. ಹೊರಗಿನಿಂದ ಬಂದವರು ಎಂಬುದಕ್ಕೂ ಅಲೆಯುತ್ತ ಬಂದವರು ಎಂಬುದಕ್ಕೂ ಅಂತರ ಅತ್ಯಲ್ಪ.

ಈ ವಾದದ ಬಲಾಬಲವನ್ನು ಅಳೆಯಬೇಕಾದರೆ, ಸಮಾಧಿಯೊಳಗಿನವರು ನಿಜವಾಗಿಯೂ ಸ್ಟೆಪ್ಪಿಯ ಅಲೆಮಾರಿಗಳ ಸಂತತಿಯೆಂದು ಸಂಶಯವಿಲ್ಲದೆ ತಿಳಿದಿರುವ ಒಂದು ನಿದರ್ಶನವನ್ನು ಪಕ್ಕದಲ್ಲಿಟ್ಟು ನೋಡುವುದು ಮೇಲು. ಅದು ಅವಾರರದು. ಕ್ರಿ.ಶ. 558ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಆಸ್ಥಾನಕ್ಕೆ ದೂತರನ್ನು ಕಳುಹಿಸಿದ ಈ ಜನ, 568ರ ವೇಳೆಗೆ ಬಯಾನ್ ಎಂಬ ಖಾಗಾನನ ನಾಯಕತ್ವದಲ್ಲಿ ಇಂದಿನ ಹಂಗೇರಿಯನ್ನೊಳಗೊಂಡ ಕಾರ್ಪೇಥಿಯನ್ ತಗ್ಗುನಾಡನ್ನು ಹಿಡಿದರು. 626ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೇ ಮುತ್ತಿಗೆ ಹಾಕಿ ವಿಫಲರಾದರು. 790ರ ದಶಕದಲ್ಲಿ ಷಾರ್ಲ್‌ಮೇನನ ಸೈನ್ಯಕ್ಕೆ ಸೋತರು. ಅವರ ಗುಡಾರ, ಕುದುರೆ ಹಿಂಡು ಇವುಗಳನ್ನು ಬೈಜಾಂಟಿಯಮ್ಮಿನ ‘ಸ್ಟ್ರಾಟೆಗಿಕಾನ್’ ಎಂಬ ಯುದ್ಧಶಾಸ್ತ್ರ ಗ್ರಂಥವು ಬಣ್ಣಿಸುವುದು. ಅವರ ಸಮಾಧಿಗಳಾದರೋ ಅರವತ್ತು ಸಾವಿರಕ್ಕೂ ಮೀರಿ ಅಗೆಯಲ್ಪಟ್ಟಿವೆ. ಪುರುಷನ ಪಕ್ಕದಲ್ಲಿ ಜೀನು, ಕಡಿವಾಣ, ರಿಕಾಪುಗಳೊಡನೆ ಹೂಳಿದ ಕುದುರೆ. ಸೊಂಟದಲ್ಲಿ ಲೋಹದ ಬಿಲ್ಲೆಗಳ ಪಟ್ಟಿ. ಕೆಲವೆಡೆ ಬಾಗಿದ ಖಡ್ಗ. ಅಲೆಮಾರಿಯ ಗೋರಿ ಹೇಗಿರಬೇಕೆಂದು ಕೇಳಿದರೆ ವಿದ್ವಾಂಸನು ತೋರಿಸುವುದು ಇದನ್ನೇ.

ಆದರೆ ಇಲ್ಲಿಯೇ ಸ್ವಾರಸ್ಯವಿರುವುದು. ಇಷ್ಟು ಸಾವಿರ ಗೋರಿಗಳು ಒಂದೊಂದು ಕಡೆ ನೂರುಗಟ್ಟಲೆಯಾಗಿ ಸಾಲುಹಿಡಿದು ನಿಲ್ಲಬೇಕಾದರೆ ಆ ಜನ ಅಲ್ಲಿಯೇ ತಲೆಮಾರುಗಳ ಕಾಲ ಇರಬೇಕು. ಇದ್ದರು ಕೂಡ. ದುನೌಯ್ವಾರೋಷ್ ಎಂಬಲ್ಲಿ ಇಸ್ತ್ವಾನ್ ಬೋನಾ ಬಯಲಿಗೆ ತಂದ 7ನೆಯ ಶತಮಾನದ ಊರಿನಲ್ಲಿ ನೆಲದೊಳಕ್ಕೆ ಅರ್ಧ ಇಳಿಸಿದ ಮನೆಗಳು ಕಂಡುಬಂದವು. ಅವಾರರ ಕಾಲದ ಇಂತಹ ಹಳ್ಳಿಗಳಲ್ಲಿ ಒಲೆಗಳೂ ಮಡಕೆಗಳೂ ಹೇರಳ. ಹಂದಿ, ಕೋಳಿಗಳ ಎಲುಬುಗಳೂ ಉಂಟು. ಹಂದಿಯನ್ನೂ ಕೋಳಿಯನ್ನೂ ಹೊಡೆದುಕೊಂಡು ಹುಲ್ಲುಗಾವಲು ಅಲೆಯುವವನನ್ನು ಯಾರೂ ಕಂಡಿಲ್ಲ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ವಂಶವಾಹಿ ಪರಿಶೋಧನೆಯು ರಾಕೋಜಿಫಾಲ್ವಾ ಮೊದಲಾದ ನಾಲ್ಕು ಅವಾರ ಸ್ಮಶಾನಗಳ 424 ಜನರ ಅವಶೇಷಗಳನ್ನು ಪರೀಕ್ಷಿಸಿ, ಒಂಬತ್ತು ತಲೆಮಾರುಗಳ ವಂಶವೃಕ್ಷವೊಂದನ್ನು ಕಟ್ಟಿಕೊಟ್ಟಿದೆ. ಗಂಡುಮಕ್ಕಳು ಹುಟ್ಟಿದ ನೆಲದಲ್ಲಿಯೇ ಮಣ್ಣಾದರು. ಹೆಣ್ಣುಗಳು ಹೊರಗಿನಿಂದ ಸೊಸೆಯರಾಗಿ ಬಂದರು. ನಮ್ಮ ಕಡೆಯ ಯಾವ ಒಕ್ಕಲಿನ ಕುಟುಂಬಕ್ಕೂ ಇದು ಅಪರಿಚಿತವಾದ ಪದ್ಧತಿಯಲ್ಲ. 2025ರಲ್ಲಿ ಪ್ರಕಟವಾದ ಮತ್ತೊಂದು ಪರಿಶೋಧನೆಯು ವಿಯೆನ್ನಾದ ದಕ್ಷಿಣಕ್ಕಿರುವ ಮೋಡ್‌ಲಿಂಗ್ ಮತ್ತು ಲಿಯೋಬರ್ಸ್‌ಡಾರ್ಫ್ ಎಂಬ ಎರಡು ಸ್ಮಶಾನಗಳನ್ನು ಹೋಲಿಸಿತು. ಒಂದರ ಜನ ಬಹುಮಟ್ಟಿಗೆ ಯೂರೋಪಿನ ಮೂಲದವರು, ಇನ್ನೊಂದರ ಜನ ಬಹುಮಟ್ಟಿಗೆ ಪೂರ್ವ ಏಷ್ಯದ ಮೂಲದವರು. ಗೋರಿಯ ವಸ್ತುಗಳೂ ಬದುಕಿನ ರೀತಿಯೂ ಮಾತ್ರ ಎರಡರಲ್ಲಿಯೂ ಒಂದೇ. ವಸ್ತುವಿನಿಂದ ಮೂಲವನ್ನೂ ಮೂಲದಿಂದ ಬದುಕನ್ನೂ ಊಹಿಸುವ ಹಳೆಯ ಕ್ರಮಕ್ಕೆ ಇದಕ್ಕಿಂತ ಬಲವಾದ ಎಚ್ಚರಿಕೆ ಬೇಕಿಲ್ಲ.

ಇದರಿಂದ ನಮಗೆ ಗೊತ್ತಾಗುವುದು ಇಷ್ಟು. ಅವಾರರು ಅಲೆಮಾರಿಗಳಾಗಿ ಬಂದರೆಂಬುದನ್ನು ನಾವು ಗೋರಿಗಳಿಂದ ಕಲಿತುದಲ್ಲ. ಅವರನ್ನು ಕಂಡು ಹೆದರಿದವರ ಬರಹಗಳಿಂದ ಕಲಿತೆವು. ಗೋರಿಯ ಕುದುರೆಯನ್ನು ಆ ಬರಹದ ಬೆಳಕಿನಲ್ಲಿ ಓದಿದೆವು. ಆಮೇಲೆ ಗೋರಿಗಳನ್ನೇ ಚೆನ್ನಾಗಿ ವಿಚಾರಿಸಿದಾಗ ಅವು ಹೇಳಿದುದು ನೆಲೆನಿಂತ ಕಥೆಯನ್ನು. ನಮ್ಮ ಶಿಲಾಸಮಾಧಿಗಳ ಜನರನ್ನು ಬಣ್ಣಿಸುವ ಸಮಕಾಲೀನ ಗ್ರಂಥ ಯಾವುದೂ ಇಲ್ಲ. ಬರಹವಿದ್ದಲ್ಲಿ ಹುಟ್ಟಿದ ತೀರ್ಮಾನವನ್ನು ಬರಹವಿಲ್ಲದಲ್ಲಿಗೆ ಎತ್ತಿ ತಂದು ಇಟ್ಟಿರುವುದೇ ಅಲೆಮಾರಿ ವಾದದ ಮೂಲದೋಷ.

ಬರಹವು ಕಲ್ಲಿನ ಅರ್ಥವನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನದ ಕಲ್ಲನ್ನು ಎಲ್ಲರೂ ಬಲ್ಲರು. ಅದರ ಮೇಲಿರುವ ಶಿಲ್ಪವು ಒಂದು ಹಂದಿಯೊಡನೆ ಹೋರಾಡುವ ಒಂದು ನಾಯಿ. ಅಕ್ಷರಗಳು ಸವೆದುಹೋಗಿ ಚಿತ್ರವೊಂದೇ ಉಳಿದಿದ್ದರೆ, ಇದು ಬೇಟೆಯಿಂದ ಹೊಟ್ಟೆ ಹೊರೆಯುತ್ತಿದ್ದ ಕಾಡುಜನರ ಕಲ್ಲೆಂದು ಯಾವ ವಿದ್ವಾಂಸನಾದರೂ ಬರೆಯದೆ ಇರುತ್ತಿರಲಿಲ್ಲ. ಅಕ್ಷರಗಳು ಹೇಳುವುದಾದರೋ ತಕ್ಕೋಲದ ಯುದ್ಧವನ್ನು, ರಾಷ್ಟ್ರಕೂಟ ಚಕ್ರವರ್ತಿಯನ್ನು, ಗಂಗ ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟುದನ್ನು, ‘ಕಾಳಿ’ ಎಂಬ ನಾಯಿಯ ನೆನಪಿಗೆ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನು. ಅಂದರೆ ಗದ್ದೆ, ಗುಡಿ, ಊರು, ತೆರಿಗೆಗಳ ನಡುವೆ ನಿಂತ ಕಲ್ಲು ಅದು. ನಮ್ಮ ತುರುಗೋಳಿನ ವೀರಗಲ್ಲುಗಳ ವಿಷಯವೂ ಹೀಗೆಯೇ. ಅವುಗಳಲ್ಲಿ ದನದ ಸಾಲು, ಬಿಲ್ಲು, ಕುದುರೆ ಇವೇ ಕಾಣುವುವು. ಆ ದನಗಳು ಮಾತ್ರ ಬೇಸಾಯದ ಊರಿನವು. ಅವಕ್ಕಾಗಿ ಸತ್ತವನು ಆ ಊರಿನವನು. ಸತ್ತವನ ಜೊತೆಗಿಡುವ ವಸ್ತುವಾಗಲಿ ಅವನ ಮೇಲೆ ಕೆತ್ತುವ ಚಿತ್ರವಾಗಲಿ ಅವನ ಮಾನವನ್ನು ಸಾರುವುದೇ ವಿನಾ ಅವನ ದಿನಚರಿಯನ್ನಲ್ಲ.

ಇನ್ನು ವಾದದ ಆಧಾರಗಳನ್ನು ಬಿಡಿಬಿಡಿಯಾಗಿ ನೋಡಬಹುದು. ಗೋರಿಗಳು ಸಾವಿರ, ವಸತಿಗಳು ಬೆರಳೆಣಿಕೆ ಎಂಬುದು ಮೊದಲನೆಯದು. ಬಹುಮಂದಿಯನ್ನು ಒಪ್ಪಿಸುವುದೂ ಇದೇ. ಆದರೆ ಈ ಲೆಕ್ಕವು ಹೇಗೆ ಹುಟ್ಟಿತೆಂಬುದನ್ನು ವಿಚಾರಿಸಬೇಕು. ಟೇಲರನಿಂದ ಮೊದಲುಗೊಂಡು 19ನೆಯ ಶತಮಾನದವರೆಲ್ಲ ಅಗೆದುದು ಗೋರಿಗಳನ್ನು. ಏಕೆಂದರೆ ಗೋರಿ ಕಣ್ಣಿಗೆ ಕಾಣುವುದು, ಅದರಲ್ಲಿ ಪೂರ್ಣವಾದ ಮಡಕೆಗಳೂ ಕಬ್ಬಿಣವೂ ಸಿಕ್ಕುವುವು, ಎರಡು ದಿನದ ಕೂಲಿಯಲ್ಲಿ ಕೆಲಸ ಮುಗಿಯುವುದು. ಹೊಲದಡಿಯಲ್ಲಿ ಮಣ್ಣಾಗಿ ಬೆರೆತುಹೋದ ಮಣ್ಣಿನ ಗೋಡೆಯನ್ನು ಯಾರು ಹುಡುಕುವರು? ಹುಡುಕದೆ ಇದ್ದುದನ್ನು ಇಲ್ಲವೆಂದು ಎಣಿಸಲಾಯಿತು. ಲೆಶ್ನಿಕ್ ಅವರ ಗ್ರಂಥದ ಸಾಮಗ್ರಿಯಲ್ಲಿ ದೊಡ್ಡದೊಂದು ಭಾಗವು ಇಂತಹ ಅಗೆತಗಳಿಂದ ಬಂದುದು. ಅವರು ತಮ್ಮ ಆಕರಗಳ ವಸ್ತುಗಳನ್ನು ಪರೀಕ್ಷಿಸಿದಷ್ಟು ಸೂಕ್ಷ್ಮವಾಗಿ ಆಕರಗಳ ಪಕ್ಷಪಾತವನ್ನು ಪರೀಕ್ಷಿಸಲಿಲ್ಲವೆಂದು ಹೇಳದೆ ವಿಧಿಯಿಲ್ಲ.

ಹುಡುಕಿದಲ್ಲೆಲ್ಲ ವಸತಿ ದೊರೆತಿದೆ. ಬ್ರಹ್ಮಗಿರಿಯಲ್ಲಿ ವೀಲರರು ಗೋರಿಗಳನ್ನೂ ಊರಿನ ದಿಬ್ಬವನ್ನೂ ಒಟ್ಟಿಗೆ ಕೊರೆದುದೇ ಅವರ ಹಿರಿಮೆ. ಅವರ ಆಗಮನವಾದವನ್ನು ಒಪ್ಪದವರೂ ಆ ಕ್ರಮವನ್ನು ಒಪ್ಪುವರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ನಡೆಸಿದ ಉತ್ಖನನವು, ನವಶಿಲಾಯುಗದ ಊರು ಬಿಡುವಿಲ್ಲದೆ ಕಬ್ಬಿಣದ ಯುಗದೊಳಕ್ಕೆ ಸಾಗಿಬಂದುದನ್ನು ತೋರಿಸಿತು. ಅಲ್ಲಿಯ ಕಬ್ಬಿಣಕ್ಕೆ ಇಂಗಾಲದ ಪರೀಕ್ಷೆಯಿಂದ ದೊರೆತ ಕಾಲವು ಕ್ರಿ.ಪೂ. 1000ದ ಸುಮಾರು. ವೀಲರರು ಬ್ರಹ್ಮಗಿರಿಯ ಶಿಲಾಸಮಾಧಿಗಳಿಗೆ ಕೊಟ್ಟಿದ್ದ ಕ್ರಿ.ಪೂ. 200ರಿಂದ ಕ್ರಿ.ಶ. 1ನೆಯ ಶತಮಾನದ ನಡುಭಾಗದವರೆಗಿನ ಇಕ್ಕಟ್ಟಾದ ಅವಧಿ ಇದರಿಂದ ಒಡೆದುಹೋಯಿತು. ಥಟ್ಟನೆ ಬಂದೆರಗಿದವರು ಸಾವಿರ ವರ್ಷ ಎರಗುತ್ತಲೇ ಇರಲಾರರಷ್ಟೆ. ಈಚೆಗೆ, 2022ರಲ್ಲಿ, ಹನೂರಿನ ಪೂರ್ವದ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯ ಕಬ್ಬಿಣಕ್ಕೆ ತಮಿಳುನಾಡು ಸರ್ಕಾರವು ಕ್ರಿ.ಪೂ. 2172ರ ಕಾಲಮಾನವನ್ನು ಪ್ರಕಟಿಸಿದೆ. ಅದರ ಮೇಲಣ ಚರ್ಚೆ ಮುಗಿಯದಿರುವುದರಿಂದ ಇಲ್ಲಿ ಅದನ್ನು ಆಧಾರವಾಗಿ ಹಿಡಿದಿಲ್ಲ.

ಆನೆಗೊಂದಿಯ ಸಮೀಪದ ಕಡೇಬಾಕೆಲೆಯಲ್ಲಿ 2003ರಿಂದ ನಡೆದ ಉತ್ಖನನಗಳು ಕಬ್ಬಿಣಯುಗದ ದೊಡ್ಡ ವಸತಿಯೊಂದನ್ನು ಬಯಲಿಗೆ ತಂದವು. ಹಿರೇಬೆಣಕಲ್ಲಿನ ಬೆಟ್ಟವನ್ನು ನೂರಾರು ಕಲ್ಮನೆಗಳ ನಿರ್ಜನವಾದ ಪ್ರೇತನಗರವೆಂದೇ ಎಲ್ಲರೂ ಭಾವಿಸಿದ್ದರು. ಆಂಡ್ರೂ ಬಾವರ್ ಅದನ್ನು ಅಂಗುಲ ಅಂಗುಲವಾಗಿ ನೋಡಿ, ಅಲ್ಲಿ ಜನ ವಾಸವಾಗಿದ್ದ ಕುರುಹುಗಳನ್ನೂ ಕಲ್ಲು ತೆಗೆದ ಜಾಗವನ್ನೇ ನೀರು ನಿಲ್ಲುವ ದೊಣೆಯಾಗಿ ಮಾಡಿಕೊಂಡುದನ್ನೂ ಗುರುತಿಸಿದರು. ಈರೋಡು ಜಿಲ್ಲೆಯ ಕೊಡುಮಣಲಿನಲ್ಲಿ 1985ರಿಂದೀಚೆಗೆ ನಡೆದ ಉತ್ಖನನಗಳಲ್ಲಿ ಶಿಲಾವೃತ್ತಗಳ ಪಕ್ಕದಲ್ಲಿಯೇ ಕಬ್ಬಿಣದ ಕುಲುಮೆ, ಮಣಿಗಳನ್ನು ಮಾಡುವ ಕಮ್ಮಟ, ಹೆಸರುಗಳನ್ನು ಬ್ರಾಹ್ಮಿಯಲ್ಲಿ ಗೀಚಿದ ಮಡಕೆ ಚೂರುಗಳು ಹೊರಬಂದವು. ಕುಲುಮೆಯನ್ನು ಹೆಗಲ ಮೇಲೆ ಹೊತ್ತು ಅಲೆಯುವ ಕಮ್ಮಾರರುಂಟು. ಆದರೆ ಕೊಡುಮಣಲಿನದು ಒಂದು ಪಟ್ಟಣದ ಕಸುಬು.

ಗೋರಿಗಳಿರುವುದು ಕಲ್ಲುನೆಲದಲ್ಲಿ, ಬೇಸಾಯಕ್ಕೆ ಒದಗದ ಗುಡ್ಡದ ಇಳಿಜಾರಿನಲ್ಲಿ. ಆದುದರಿಂದ ಅವರು ಬೇಸಾಯಗಾರರಲ್ಲ ಎಂಬುದು ಎರಡನೆಯ ಆಧಾರ. ಇದಕ್ಕೆ ದೀರ್ಘವಾದ ಉತ್ತರ ಅನಾವಶ್ಯಕ. ಈಗಲೂ ಯಾವ ಹಳ್ಳಿಯ ಸ್ಮಶಾನವನ್ನಾದರೂ ಕಂದಾಯದ ಪಹಣಿಯಲ್ಲಿ ನೋಡಿದರೆ ಅದು ಖರಾಬು ಎಂದಿರುವುದು. ಒಳ್ಳೆಯ ಹೊಲವನ್ನು ಸತ್ತವರಿಗೆ ಬಿಡುವಷ್ಟು ಉದಾರಿಯಾದ ಬೇಸಾಯಗಾರನು ಎಲ್ಲಿಯೂ ಇಲ್ಲ. ಕಲ್ಲುನೆಲದಲ್ಲಿ ಹೂಳುವುದು ಕೆಳಗಿನ ಮಣ್ಣುನೆಲದ ಬೆಲೆಯನ್ನು ಬಲ್ಲವನ ಲಕ್ಷಣವೂ ಆಗಬಹುದು. ಜೊತೆಗೆ ಗೋರಿಗಳಲ್ಲಿ ಆಯುಧಗಳೊಡನೆ ಕುಡುಗೋಲುಗಳೂ ಗುದ್ದಲಿಗಳೂ ದೊರೆಯುತ್ತಿರುವುದನ್ನು ವಾದದವರು ಮರೆತಿಲ್ಲ, ಲಘುವಾಗಿ ಎಣಿಸಿದ್ದಾರೆ.

ಕುದುರೆಯ ವಿಷಯ ಮಾತ್ರ ಅಷ್ಟು ಸುಲಭವಾಗಿ ಬಿಡತಕ್ಕದ್ದಲ್ಲ. ನಾಗಪುರದ ಸಮೀಪದ ಮಾಹುರ್‌ಝರಿಯಲ್ಲಿ 1970ರ ದಶಕದಲ್ಲಿ ಎಸ್. ಬಿ. ದೇವ್ ಮತ್ತು ಅವರ ಸಂಗಡಿಗರು ತೆರೆದ ಶಿಲಾವೃತ್ತಗಳಲ್ಲಿ ಕುದುರೆಯ ಎಲುಬುಗಳೂ, ಅದರ ಮುಖಕ್ಕೆ ತೊಡಿಸಿದ ತಾಮ್ರದ ಆಭರಣಗಳೂ ದೊರೆತವು. ಎಲುಬಿನ ಮೇಲಿನ ಕತ್ತರಿಸಿದ ಗುರುತುಗಳಿಂದ ಕುದುರೆಯನ್ನು ಬಲಿಕೊಟ್ಟುದು ತಿಳಿಯುವುದು. ಹಳ್ಳೂರಿನ ಎಲುಬುಗಳಲ್ಲಿ ಕುದುರೆಯದೂ ಉಂಟೆಂದು ಕೆ. ಆರ್. ಆಲೂರರು ವರದಿ ಮಾಡಿದಾಗ ಎದ್ದ ಗದ್ದಲವನ್ನು ಹಳಬರು ಬಲ್ಲರು. ಆ ಚರ್ಚೆಗೆ ಆರ್ಯರ ಪ್ರಶ್ನೆ ಬಂದು ಸೇರಿ ಎಲುಬೇ ಮರೆಯಾಯಿತು. ಕುದುರೆ ಇತ್ತು, ಅದಕ್ಕೆ ಮಾನವಿತ್ತು ಎಂಬುದನ್ನು ಒಪ್ಪೋಣ. ಆದರೆ ಮಾನವೇ ವಿರಳತೆಯ ಗುರುತಲ್ಲವೆ? ಹಿಂಡು ಕಾಯುವವನಿಗೆ ಕುದುರೆ ದಿನದ ಸಲಕರಣೆ. ನೂರು ಗೋರಿಯಲ್ಲಿ ಎಲ್ಲೋ ಒಂದೆರಡರಲ್ಲಿ ಮಾತ್ರ ಕಡಿವಾಣ ಕಾಣುವಾಗ ಅದು ನಾಯಕನ ಬಿರುದೆಂದು ಊಹಿಸುವುದು ಹೆಚ್ಚು ಸಹಜ. ಕುದುರೆಯ ಬಲಿ ಕಂಡ ವಿದರ್ಭದಲ್ಲಿಯೇ, ನಾಯಕುಂಡದಲ್ಲಿ, ಕಬ್ಬಿಣ ಕರಗಿಸುವ ಕುಲುಮೆಯೂ ದೊರೆತಿರುವುದನ್ನು ಇದರೊಡನೆ ಇಟ್ಟು ಓದಬೇಕು. ವಿದರ್ಭದ ಕುದುರೆಯನ್ನು ಇಡೀ ದಕ್ಷಿಣಕ್ಕೆ ಹಂಚುವುದಂತೂ ಯಾವ ನ್ಯಾಯದಿಂದಲೂ ಸಾಧ್ಯವಿಲ್ಲ.

ಹಾಗಾದರೆ ಶಿಲಾಸಮಾಧಿಯ ಜನ ಪಶುಪಾಲಕರಲ್ಲವೆ? ಪಶುಪಾಲನೆಯನ್ನು ಅಲ್ಲಗಳೆಯುವುದು ಈ ಲೇಖನದ ಉದ್ದೇಶವಲ್ಲ. ಕರ್ನಾಟಕದಲ್ಲಿ ದನವು ಕಬ್ಬಿಣಕ್ಕಿಂತ ಹಳೆಯದು. ರೇಮಂಡ್ ಆಲ್ಚಿನ್ 1957ರಲ್ಲಿ ಉಟ್ನೂರಿನ ಬೂದಿದಿಬ್ಬವನ್ನು ಅಗೆದು, ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳನ್ನೇ ಕಂಡರು. 1963ರ ಅವರ ಗ್ರಂಥವು ನವಶಿಲಾಯುಗದ ದನಗಾಹಿಗಳನ್ನು ನಮಗೆ ಪರಿಚಯಿಸಿತು. ಆ ಬಳಿಕ ಕೆ. ಪದ್ದಯ್ಯನವರು ಸುರಪುರ ಪ್ರಾಂತದ ಬೂದಿಹಾಳದಲ್ಲಿ ಬೂದಿದಿಬ್ಬದ ಪಕ್ಕದಲ್ಲಿಯೇ ಜನರ ವಸತಿಯನ್ನೂ ತೋರಿಸಿಕೊಟ್ಟರು. ದನ ಉಂಟು, ಊರೂ ಉಂಟು. ಅಲೆಮಾರಿ ವಾದವು ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ನಮ್ಮನ್ನು ಒತ್ತಾಯಿಸುತ್ತದೆ. ಆ ಒತ್ತಾಯಕ್ಕೆ ಕಾರಣವಿಲ್ಲ.

ಈ ಮಾತಿನ ಸತ್ಯವನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು. ಹನೂರು, ಕೊಳ್ಳೇಗಾಲದ ಕಡೆ ‘ದೊಡ್ಡಿ’ ಎಂದು ಮುಗಿಯುವ ಊರ ಹೆಸರುಗಳು ಎಷ್ಟೋ ಇವೆ. ದೊಡ್ಡಿಯೆಂದರೆ ದನಗಳನ್ನು ಕೂಡುವ ಜಾಗ. ದನ ಕೂಡಿದ ಜಾಗವೇ ಕಾಲಕ್ರಮದಲ್ಲಿ ಹೊಲವೂ ಮನೆಯೂ ಉಳ್ಳ ಊರಾದುದಕ್ಕೆ ಈ ಹೆಸರುಗಳೇ ಸಾಕ್ಷಿ. ಗಡಿಯಾಚೆಯ ಬರಗೂರು ಬೆಟ್ಟದಲ್ಲಿ ಆ ಹೆಸರಿನ ಕೆಂಪುಬಿಳಿ ಮಚ್ಚೆಯ ದನದ ತಳಿಯನ್ನು ಸಾಕಿಬಂದ ಕನ್ನಡ ಮಾತಿನ ಲಿಂಗಾಯತ ಮನೆತನಗಳು, ದನಗಳನ್ನು ಕಾಡಿನೊಳಗಣ ಪಟ್ಟಿಗಳಿಗೆ ಅಟ್ಟಿ, ತಾವು ಊರಿನಲ್ಲಿ ಹೊಲ ಮನೆ ಇಟ್ಟುಕೊಂಡವರು. ಮನೆಯಲ್ಲಿ ಮುದುಕರೂ ಮಕ್ಕಳೂ ಹೊಲವೂ, ಕಾಡಿನಲ್ಲಿ ಹರೆಯದವರೂ ದನವೂ. ದನ ಅಲೆಯುವುದು, ಕುಲ ಅಲೆಯುವುದಿಲ್ಲ. ಇಂತಹ ಬದುಕಿಗೆ ‘ಅಲೆಮಾರಿ’ ಎಂಬ ಹೆಸರು ಹೊಂದದು. ಋತುವನ್ನನುಸರಿಸಿ ಹಿಂಡು ಹೋಗಿಬರುವ ಈ ಪದ್ಧತಿಯಲ್ಲಿ, ಹೋದವರು ಹಿಂತಿರುಗುವ ಗುರುತಾಗಿ ಒಂದು ನೆಲೆ ಬೇಕು. ಪೂರ್ವಿಕರ ಕಲ್ಲಿಗಿಂತ ಸ್ಥಿರವಾದ ಗುರುತು ಯಾವುದು? ಜನರು ಕಲ್ಗೋರಿಗಳನ್ನು ‘ಮನೆ’ ಎಂದುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು.

ಸೋಲಿಗರ ನಿದರ್ಶನ ಇನ್ನೂ ಹೆಚ್ಚು ವಿಚಾರಾರ್ಹ. 1800ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೊದಲುಗೊಂಡು, ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕುರಿತು ಬರೆದವರ ಬರಹಗಳಲ್ಲಿ ಒಂದು ಕಡೆ ನಿಲ್ಲದ ಜನ ಎಂಬ ಭಾವನೆ ಮರುಕಳಿಸುತ್ತ ಬಂದಿದೆ. ಕೆಲವು ಬೆಳೆ ತೆಗೆದು ನೆಲವನ್ನು ಬಿಟ್ಟು, ಪಕ್ಕದ ನೆಲಕ್ಕೆ ಹೋಗಿ ರಾಗಿ ಬಿತ್ತುತ್ತಿದ್ದುದು ನಿಜ. ಆದರೆ ಆ ಚಲನೆ ನಡೆಯುತ್ತಿದ್ದುದು ಕುಲಕುಲಕ್ಕೆ ಗೊತ್ತಾದ ಎಲ್ಲೆಯೊಳಗೆ. ಎಲ್ಲೆಗೆ ಅದರದೇ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ. ಸತ್ತವರನ್ನು ಹೂಳುವ ನೆಲೆಯೂ ಗೊತ್ತಾದುದೇ. ಪೋಡು ಸರಿದರೂ ಹೂಳುವ ನೆಲ ಸರಿಯುವುದಿಲ್ಲ. ಮನೆಗಳು ಬಿದಿರು ಹುಲ್ಲಿನವು. ಎರಡು ಮಳೆಗಾಲದಲ್ಲಿ ಅವುಗಳ ಕುರುಹೂ ಉಳಿಯದು. ಮುಂದಿನ ಸಾವಿರ ವರ್ಷದ ಸಂಶೋಧಕನು ಬಂದು ಈ ಬೆಟ್ಟದಲ್ಲಿ ಕಲ್ಲುಗಳನ್ನು ಮಾತ್ರ ಕಂಡು, ವಸತಿಯಿಲ್ಲ, ಆದುದರಿಂದ ಅಲೆಮಾರಿಗಳು ಎಂದು ಬರೆದರೆ ಅವನು ಲೆಶ್ನಿಕ್ ಅವರ ತರ್ಕವನ್ನೇ ಅನುಸರಿಸಿದಂತಾಗುವುದು.

ಈ ಶಬ್ದವು ಗ್ರಂಥದೊಳಗೇ ಉಳಿದಿದ್ದರೆ ಇಷ್ಟು ಚರ್ಚಿಸಬೇಕಾಗಿರಲಿಲ್ಲ. ಅಲೆಯುವವನಿಗೆ ನೆಲದ ಹಕ್ಕಿಲ್ಲವೆಂಬ ಭಾವನೆ ಸರ್ಕಾರಿ ಕಡತಗಳಲ್ಲಿ ಬಹುಕಾಲದಿಂದ ಮನೆಮಾಡಿದೆ. 1974ರಲ್ಲಿ ಬೆಟ್ಟವು ವನ್ಯಧಾಮವಾದಾಗ ಸೋಲಿಗರ ಬೇಸಾಯ ನಿಂತಿತು, ಪೋಡುಗಳು ಕದಲಿದವು. ಆ ಬಳಿಕ ಅವರು ತಮ್ಮ ಹಕ್ಕನ್ನು ಸ್ಥಾಪಿಸಲು ತೋರಿಸಿದುದರಲ್ಲಿ ಪಟ್ಟೆಯ ಕಾಗದಕ್ಕಿಂತ ಹೆಚ್ಚಿನದು ಎಲ್ಲೆಗಳೊಳಗಿನ ಈ ಪೂಜ್ಯ ನೆಲೆಗಳೇ. ಅವುಗಳನ್ನು ಸೋಲಿಗರೇ ನಡೆದು ತೋರಿಸಿ ನಕ್ಷೆಗೆ ಏರಿಸಲಾಯಿತು. 2011ರಲ್ಲಿ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕು ದೊರೆಯಿತು. ಸತ್ತವರ ಕಲ್ಲು ಬದುಕಿರುವವರ ನೆಲೆಗೆ ಸಾಕ್ಷಿಯಾಯಿತೆಂಬ ಈ ಸಂಗತಿಯನ್ನು ನಮ್ಮ ಪುರಾತತ್ತ್ವ ಗ್ರಂಥಗಳಲ್ಲಿ ಯಾರೂ ಅಡಿಟಿಪ್ಪಣಿಯಾಗಿಯಾದರೂ ಸೇರಿಸದಿರುವುದು ಆಶ್ಚರ್ಯ. ಕಲ್ಲು ಇಲ್ಲಿ ನೆಲೆಯ ಪ್ರಮಾಣ; ಅಲ್ಲಿ ಅಲೆತದ ಪ್ರಮಾಣ.

ಕೊನೆಯದಾಗಿ ನಮ್ಮ ಸೀಮೆಯಲ್ಲಿ ಆಗಬೇಕಾದ ಕೆಲಸವನ್ನು ಕುರಿತು ಕೆಲವು ಮಾತು. ಯಳಂದೂರು 1807ರಿಂದ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಪಕ್ಕದ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹೊನ್ನುಹೊಳೆಯ ಒಂದೇ ಕಣಿವೆಯ ಪ್ರಾಚೀನಾವಶೇಷಗಳು ಹೀಗೆ ಮೈಸೂರಿನ ವರದಿಗಳಲ್ಲಿ ಅರ್ಧ, ಮದರಾಸಿನ ಪಟ್ಟಿಗಳಲ್ಲಿ ಅರ್ಧ ಸೇರಿಹೋದವು. ಎಂ. ಜೆ. ವಾಲ್‌ಹೌಸ್ 1875ರಲ್ಲಿ ಕೊಯಮತ್ತೂರು ಜಿಲ್ಲೆಯ ಶಿಲಾಸಮಾಧಿಗಳನ್ನು ಕುರಿತು ಬರೆದುದನ್ನು ಮೈಸೂರಿನ ಕಡೆಯವರು ಪರಕೀಯವೆಂದು ಬಿಟ್ಟರು. ನಮ್ಮ ಪಕ್ಕದ ಟಿ. ನರಸೀಪುರದಲ್ಲಿ 1959-60ರಿಂದ 1965ರವರೆಗೆ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನಗಳಲ್ಲಿ, ಕಾವೇರಿ ಕಪಿಲೆಯರ ಸಂಗಮದ ದಡದಲ್ಲಿಯೇ ನವಶಿಲಾಯುಗದ ವಸತಿಯೂ, ತಲೆಗೆ ಮಣ್ಣಿನ ಒರಗು ಮಾಡಿಕೊಳ್ಳುತ್ತಿದ್ದ ಜನರ ವಸ್ತುಗಳೂ ಹೊರಬಂದವು. ತಲೆಗೊರಗು ಮಾಡಿಕೊಂಡವರು ಮಲಗಲು ಒಂದು ಸ್ಥಳವನ್ನೂ ಗೊತ್ತುಮಾಡಿಕೊಂಡಿದ್ದರೆಂದು ವಿನೋದಕ್ಕೆ ಹೇಳಬಹುದು. ಹೊಳೆಯ ದಡದ ಆ ಊರುಗಳಿಗೂ ಬೆಟ್ಟದ ತಪ್ಪಲಿಗೂ ನಡುವೆ ಇರುವ ನೆಲವನ್ನು, ಶಿಲಾವೃತ್ತಗಳನ್ನು ಎಣಿಸುವ ಕಣ್ಣಿನಿಂದಲ್ಲದೆ ವಸತಿಯನ್ನು ಹುಡುಕುವ ಕಣ್ಣಿನಿಂದ ನಡೆದು ನೋಡಬೇಕು. ಕಪ್ಪು ಕೆಂಪು ಮಡಕೆಯ ಚೂರುಗಳು ಉತ್ತ ಹೊಲದಲ್ಲಿ ಎಲ್ಲಿ ಒತ್ತಾಗಿ ಬೀಳುವುವು, ಹತ್ತಿರದ ನೀರು ಎಷ್ಟು ದೂರ, ಕಬ್ಬಿಣದ ಕಿಟ್ಟ ಉಂಟೆ ಎಂಬುದನ್ನು ಸರ್ವೆ ನಂಬರಿನೊಡನೆ ಬರೆದಿಡುವುದು ಯಾವ ಕಾಲೇಜಿನ ಇತಿಹಾಸ ವಿದ್ಯಾರ್ಥಿಗಳಿಗೂ ಮೀರಿದ ಕೆಲಸವಲ್ಲ. ಕೆಂಪುಮಣ್ಣಿನ ಹುಳಿಯಲ್ಲಿ ಎಲುಬು ಕರಗುವುದರಿಂದ ಹಂಗೇರಿಯಲ್ಲಿ ನಡೆದಂತಹ ವಂಶವಾಹಿ ಪರೀಕ್ಷೆ ಇಲ್ಲಿ ಕಷ್ಟ. ಆದರೆ ಮಡಕೆಯ ಒಳಮೈ ಹೀರಿಕೊಂಡಿರುವ ಕೊಬ್ಬು ಹಾಲಿನದೋ ಮಾಂಸದ್ದೋ ಎಂದು ತಿಳಿಯುವ ವಿಧಾನ ಈಗ ಬಳಕೆಯಲ್ಲಿದೆ. ಗೋರಿಯ ಮಡಕೆಯನ್ನೂ ವಸತಿಯ ಮಡಕೆಯನ್ನೂ ಅದಕ್ಕೆ ಒಡ್ಡಬೇಕು. ಶಿಲಾವೃತ್ತದ ಕಲ್ಲುಗಳು ಬದುವಿಗೂ ತಳಪಾಯಕ್ಕೂ ಹೊರಟುಹೋಗುತ್ತಿರುವ ಹೊಲಗಳಿಂದಲೇ ಈ ಕೆಲಸವನ್ನು ಮೊದಲು ಮಾಡತಕ್ಕದ್ದು.